ಮೇಲಿನ ಅಡುಗೆಮನೆ

"ನಾನು ಸಹಿ ಹಾಕಲ್ಲ," ಎಂದು ಎರ್ಮೆಲಿಂದಾ ನೋಟರಿ ಕೊಟ್ಟ ಪೆನ್ನನ್ನು ಅವರ ಮೇಜಿನ ಮೇಲೇ ಇಟ್ಟುಬಿಟ್ಟಳು.

ಗಂಡ ಅದೆಲಿನೊ ನಕ್ಕ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡ, ಪಾಪ. ಸ್ವಿಟ್ಜರ್ಲೆಂಡಿನ ರಸ್ತೆಗಳಿಗೆ ಮೂವತ್ತು ವರ್ಷ ಡಾಂಬರು ಹಾಸಿದವನು ಬರುವ ತಿಂಗಳು ನಿವೃತ್ತನಾಗಿ ಪೋರ್ಚುಗಲ್ಲಿನ ತನ್ನ ಬೆಟ್ಟದೂರಿಗೆ ಹೊರಟಿದ್ದ. ಸಂಬಳದಲ್ಲಿ ಹಿಡಿದಿಟ್ಟ ಪಿಂಚಣಿ ಹಣವನ್ನು ಒಂದೇ ಗಂಟಾಗಿ ಎತ್ತಬಹುದಿತ್ತು, ಇಲ್ಲವೇ ಸಾಯುವತನಕ ತಿಂಗಳು ತಿಂಗಳು ಪಡೆಯಬಹುದಿತ್ತು. ಗಂಟು ಎತ್ತುವುದಾದರೆ ಮಾತ್ರ ಹೆಂಡತಿಯ ಒಪ್ಪಿಗೆ ಬೇಕು, ಅದೂ ನೋಟರಿಯ ಕಣ್ಣೆದುರಿಗೆ. ಇಂಥ ಕಾನೂನು ಮಾಡಿದವರನ್ನು ಅವನು ಬೆಳಿಗ್ಗೆಯಿಂದ ಬೈಯುತ್ತಲೇ ಇದ್ದ.

ಗೆಳೆಯರು ಅವನ ತಲೆಗೆ ತುಂಬಿದ ಲೆಕ್ಕ ಇಷ್ಟು: ಗಂಟು ಎತ್ತಿದರೆ ಇಲ್ಲೇ ಒಂದು ಸಲ ತೆರಿಗೆ ಕಟ್ಟಿ ಕೈತೊಳೆದುಕೊಳ್ಳಬಹುದು, ಪಿಂಚಣಿಯಾದರೆ ಊರಿನಲ್ಲಿ ವರ್ಷ ವರ್ಷವೂ ತೆರಿಗೆ. ಆದರೆ ಅವನ ಮನಸ್ಸಿದ್ದದ್ದು ತೆರಿಗೆಯ ಮೇಲಲ್ಲ, ಮೂರನೇ ಮಹಡಿಯ ಮೇಲೆ. ಫ್ರಾನ್ಸಿನಲ್ಲಿ ದುಡಿದು ಬಂದ ಅಣ್ಣ ವೀತೊರ್ ಸಾಯುವ ಮೊದಲು ಊರಿನಲ್ಲಿ ಮೂರು ಮಹಡಿ ಎಬ್ಬಿಸಿದ್ದ. ಇವನದು ಎರಡಕ್ಕೇ ನಿಂತು, ಕಂಬಗಳ ತುದಿಯಲ್ಲಿ ಕಂಬಿಗಳು ತುಕ್ಕು ಹಿಡಿಯುತ್ತಿದ್ದವು. ಪ್ರತಿ ಆಗಸ್ಟ್ ರಜೆಗೆ ಊರಿಗೆ ಹೋದಾಗಲೂ ಅದನ್ನು ನೋಡಿ ಅವನ ಹೊಟ್ಟೆ ಉರಿಯುತ್ತಿತ್ತು.

"ಮೇಸ್ತ್ರಿಗೆ ಮಾತು ಕೊಟ್ಟಾಗಿದೆ ಕಣೇ," ಎಂದ.

"ನನಗಿಂತ ಮೊದಲು ನೀನು ಹೋದ್ರೆ ನನ್ನ ಗತಿ ಏನು ಅಂತ ಯೋಚನೆ ಮಾಡಿದೀಯಾ?"

ಅವಳು ಮನೆಮನೆ ಒರೆಸಿದ್ದೆಲ್ಲ ಗಂಟೆಯ ಲೆಕ್ಕದ ಕೂಲಿಗೆ, ಅವಳ ಹೆಸರಿನಲ್ಲಿ ಪಿಂಚಣಿ ಎನ್ನುವಂಥದ್ದೇನೂ ಇರಲಿಲ್ಲ. ತಿಂಗಳ ಪಿಂಚಣಿಯಾದರೆ ಗಂಡನ ನಂತರ ಹೆಂಡತಿಗೂ ಒಂದು ಪಾಲು ಬರುತ್ತದೆ ಎಂದು ನೋಟರಿ ಕೆಮ್ಮಿ ತಿಳಿಸಿದರು. ಅದೆಲಿನೊ ಅವರನ್ನು ದುರುಗುಟ್ಟಿಕೊಂಡು ನೋಡಿದ.

"ನಿನ್ನ ಅಣ್ಣನ ಹೆಂಡ್ತಿ ಗ್ರಾಸ ಈಗ ಎಲ್ಲಿ ಮಲಗ್ತಾಳೆ, ಹೇಳು," ಎಂದಳು ಎರ್ಮೆಲಿಂದಾ.

ಪರದೇಶದಿಂದ ಮರಳಿದವರೆಲ್ಲ ಆ ಊರಿನಲ್ಲಿ ಮಾಡುವುದು ಒಂದೇ: ಮೇಲಿನ ಅಮೃತಶಿಲೆಯ ಅಡುಗೆಮನೆ ನೆಂಟರಿಗೆ ತೋರಿಸಲಿಕ್ಕೆ, ದಿನದ ಅಡುಗೆ ಕೆಳಗೆ ಗ್ಯಾರೇಜಿನ ಒಲೆಯಲ್ಲಿ. ಅದೆಲಿನೊನ ಮನೆಯಲ್ಲೂ ಅದೇ ಏರ್ಪಾಡು. ವೀತೊರ್ ಹೋದ ಮೇಲೆ ಗ್ರಾಸ ಮಂಚವನ್ನೂ ಕೆಳಗಿಳಿಸಿದ್ದಳು. ಗಂಡನ ದುಡ್ಡೆಲ್ಲ ಗೋಡೆಗೆ ಹೋಗಿತ್ತು, ಆ ಬೆಟ್ಟದ ಚಳಿಯಲ್ಲಿ ಮೂರು ಮಹಡಿ ಬೆಚ್ಚಗಿಡುವ ಕರೆಂಟಿಗೆ ಅವಳ ಹತ್ತಿರ ಏನೂ ಉಳಿದಿರಲಿಲ್ಲ.

"ಅಷ್ಟು ದೊಡ್ಡ ಮನೆಯ ಒಡತಿ, ಕಾರು ನಿಲ್ಲಿಸೋ ಜಾಗದಲ್ಲಿ ಕೋಟು ಹಾಕ್ಕೊಂಡು ಎಲೆಕೋಸಿನ ಸಾರು ಕುಡೀತಾಳೆ. ಇಷ್ಟು ವರ್ಷ ನಾನು ಕಂಡೋರ ಅಡುಗೆಮನೆ ಒರೆಸಿದ್ದು ಅದಕ್ಕಲ್ಲ."

"ಊರೋರು ನಗ್ತಾರೆ."

"ನಗಲಿ. ನಕ್ಕೋರು ಬಂದು ನನ್ನ ಕರೆಂಟ್ ಬಿಲ್ ಕಟ್ತಾರಾ?"

ಮಾತು ಅವಳೇ ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. ಇವನ ಮಾತಿಗೆ ಅವಳು ಹಿಂದೆಂದೂ ಹೀಗೆ ಹೊರಗಿನವರ ಮುಂದೆ ಅಡ್ಡ ನಿಂತವಳೇ ಅಲ್ಲ. ಆದರೂ ಪೆನ್ನಿನ ಕಡೆ ಕೈ ಚಾಚಲಿಲ್ಲ. ಕೊನೆಗೆ ನೋಟರಿ ಕಾಗದವನ್ನು ಮಡಿಸಿಟ್ಟರು.

ಹೊರಗೆ ಟ್ರಾಮ್ ಕಾಯುತ್ತಿದ್ದಾಗ ಊರಿನಿಂದ ಮೇಸ್ತ್ರಿ ನಾರ್ಸಿಸೊನ ಫೋನ್ ಬಂತು. ಅದೆಲಿನೊ ಅದು ಹೊಡೆದುಕೊಳ್ಳುವುದನ್ನೇ ನೋಡುತ್ತಾ ನಿಂತ. ಆಮೇಲೆ, "ಬೇಡ ಅಂದೋಳು ನೀನು, ನೀನೇ ಹೇಳು," ಎಂದು ಫೋನನ್ನು ಅವಳ ಕೈಗೆ ಕೊಟ್ಟು ಮುಖ ತಿರುಗಿಸಿದ.

ಎರ್ಮೆಲಿಂದಾ ಸುತ್ತು ಬಳಸಲಿಲ್ಲ. ಮೂರನೇ ಮಹಡಿ ಇಲ್ಲ, ಕಂಬಿಗಳನ್ನು ಕತ್ತರಿಸಿ ಸೂರು ಹಾಕಿ ಎಂದಳು. ಕತ್ತರಿಸಿದ ಮೇಲೆ ಮನಸ್ಸು ಬದಲಾದರೆ ಕಷ್ಟ, ಇನ್ನೊಂದು ಸಲ ಯೋಚಿಸಿ ಎಂದ ಮೇಸ್ತ್ರಿ.

"ಯೋಚನೆ ಮಾಡಾಯ್ತು ಮೇಸ್ತ್ರಿ," ಎಂದಳು. "ಹಾಗೇ ಗ್ಯಾರೇಜಿನಲ್ಲಿರೋ ಒಲೇನೂ ಕಿತ್ತು ಹಾಕಿ. ನಾನು ಮೇಲೇ ಅಡುಗೆ ಮಾಡೋದು."