ಉದೋಮನ ಮೊಟ್ಟೆ

ಸನಾನ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಮಗಳ ಕಪ್ಪು ಕನ್ನಡಕ ಏರಿಸಿಕೊಂಡು, ಬುವಾಳ ಹೋಟೆಲಿನ ಮೂಲೆಯಲ್ಲಿ ಕಳ್ಳನ ಹಾಗೆ ಕೂತಿದ್ದ. ರಸ್ತೆಯಾಚೆ ಅವನದೇ ಹೋಟೆಲು ಕಾಣುತ್ತಿತ್ತು. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಇಲ್ಲಿ ಕಾಲಿಡಲು ಜಾಗವಿಲ್ಲ.

ಅಡುಗೆ ಚೆನ್ನಾಗಿದ್ದಿದ್ದರೆ ಅವನಿಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ತುಳಸಿ ಸೊಪ್ಪು ಹಾಕಿ ಹುರಿದ ಹಂದಿಮಾಂಸ ಬಾಯಿಗಿಟ್ಟರೆ ಬರೀ ಉಪ್ಪು. ಅನ್ನ ಅಂಟು. ಮೇಲೆ ಕೂತ ಮೊಟ್ಟೆಯಂತೂ ಒಂದು ಕಡೆ ಹಸಿ, ಇನ್ನೊಂದು ಕಡೆ ಇದ್ದಿಲು. ಅಪ್ಪನ ಕಾಲದಿಂದ ಪಿಚಿತ್ ಊರಿನ ರೈಲು ನಿಲ್ದಾಣದ ಮುಂದೆ ಬಾಣಲೆ ಹಿಡಿದ ಸನಾನ್‌ಗೆ ಅದನ್ನು ನುಂಗುವಾಗ ಕಣ್ಣಲ್ಲಿ ನೀರು ಬಂತು.

ಹೆಂಡತಿ ಲಮೈ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು: "ಸೊಂಗ್‌ಕ್ರಾನ್ ಹಬ್ಬದೊಳಗೆ ಜನ ಬರ್ಲಿಲ್ಲ ಅಂದ್ರೆ ಬಾಗಿಲು ಹಾಕೋದೇ ರೀ. ನಮ್ಮಣ್ಣನ ಬಾತುಕೋಳಿ ಫಾರಂಗೆ ಆಳು ಬೇಕಂತೆ." ಆ ಭಾವಮೈದುನನ ಕೈಕೆಳಗೆ ಬಾತುಕೋಳಿ ಕಾಯುವುದಕ್ಕಿಂತ ನಾನ್ ನದಿಗೆ ಹಾರುವುದೇ ವಾಸಿ ಎಂದು ಸನಾನ್‌ಗೆ ಅನ್ನಿಸಿತ್ತು.

ಅದಕ್ಕೇ ಈ ಪತ್ತೇದಾರಿಕೆ.

ಪಕ್ಕದ ಮೇಜಿನಲ್ಲಿ ಬಾಡಿಗೆ ವ್ಯಾನು ಓಡಿಸುವ ಪ್ರಚಾ ಚಮಚ ಕುಕ್ಕಿದ. "ಥೂ! ಇವತ್ತೂ ನಂದು ದಂಡ. ಒಂದು ಸಲನಾದ್ರೂ ನಂಗಿಲ್ಲಿ ಒಳ್ಳೇದಾಗಿದ್ದುಂಟಾ?"

"ಸುಮ್ನಿರೋ," ಅಂದರು ಎದುರಿಗೆ ಕೂತ ವಿಮೋನ್ ಟೀಚರ್. "ನನಗೆ ಹೋದ ಸಲ ಎಷ್ಟು ಚೆನ್ನಾಗಿತ್ತು ಗೊತ್ತಾ? ಕೂದಲೆಳೆಯಲ್ಲಿ ತಪ್ಪೋಯ್ತು."

"ನಿಮಗೆ ಬೈಯೋಕೂ ಬರಲ್ಲ ಟೀಚರ್."

"ಬೈದು ಎಲ್ಲಿಗೆ ಹೋಗ್ತೀಯ? ಇನ್ನೆಲ್ಲಿ ಸಿಗುತ್ತೆ ಇದು?"

ಸನಾನ್‌ಗೆ ತಡೆಯಲಾಗಲಿಲ್ಲ. "ಟೀಚರೇ, ಮೊಟ್ಟೆ ಹಿಂಗೆ ಸೀದೋಗಿದೆಯಲ್ಲ, ಇದನ್ನ ಹೇಗೆ ತಿಂತೀರಿ?"

ಟೀಚರ್ ಅವನ ತಟ್ಟೆಯತ್ತ ಬಗ್ಗಿದರು. ಅವರ ಕಣ್ಣು ಅರಳಿತು. ತಟ್ಟೆಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಫೋನು ತೆಗೆದು ಫೋಟೋ ಹೊಡೆದರು. "ಎಷ್ಟು ಸೊಗಸಾಗಿ ಬಂದಿದೆ ನಿಮ್ದು! ಪುಣ್ಯ ಮಾಡಿದ್ರಿ. ಅಯ್ಯೋ, ಅದರ ಮೇಲೆ ಸಾಸ್ ಸುರೀಬೇಡಿ ಮಾರಾಯ್ರೇ, ಎಲ್ಲಾ ಹಾಳಾಗುತ್ತೆ."

ಈ ಊರಿನವರ ನಾಲಿಗೆಗೆ ಏನು ಬಡಿಯಿತು? ತಿಂಗಳಿಗೆ ಎರಡು ಸಲವಂತೂ ಇಲ್ಲಿ ನೂಕುನುಗ್ಗಲು. ಕೈಗೆ ಸಂಬಳ ಬರುವ ಹೊತ್ತಿರಬೇಕು ಎಂದು ಸನಾನ್ ಲೆಕ್ಕ ಹಾಕಿದ್ದ. ಕಾಸಿದ್ದಾಗ ಜನ ಒಳ್ಳೆಯದನ್ನು ತಿನ್ನಬೇಕಲ್ಲವೇ?

ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನುಸುಳಿದ. ಬಾಣಲೆಯ ಮುಂದೆ ಉದೋಮ್ ನಿಂತಿದ್ದ. ಮೊನ್ನೆ ಮೊನ್ನೆಯವರೆಗೂ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಮನುಷ್ಯ. ಮೊಟ್ಟೆಯನ್ನೂ ಇಟ್ಟಿಗೆಯ ಹಾಗೇ ಬೇಯಿಸುತ್ತಿದ್ದ. ಅಂಥವನಿಗೆ ಬುವಾ ಫ್ಯಾನು ತಿರುಗಿಸಿಟ್ಟು, ಐಸ್ ಹಾಕಿದ ಚಹಾ ಕೊಟ್ಟು, ಬೆನ್ನು ಸವರುತ್ತಿದ್ದಳು. "ಯೋಚನೆ ಮಾಡ್ಬೇಡ ಕಣಪ್ಪಾ. ನಿನಗೆ ಹೆಂಗೆ ಬರುತ್ತೋ ಹಂಗೇ ಹುರಿ."

ಗಿರಾಕಿಗಳನ್ನು ಎಳೆಯುವ ಗುಟ್ಟು ಇವನ ಕೈಯಲ್ಲೇ ಇರಬೇಕು! ಅವಳು ಆಚೆ ಹೋದದ್ದೇ ತಡ, ಸನಾನ್ ಕನ್ನಡಕ ತೆಗೆದ. "ನಮ್ಮ ಹೋಟೆಲಿಗೆ ಬಂದ್ಬಿಡು ಉದೋಮ್. ಏನು ಬೇಕೋ ಕೇಳು, ಕೊಡ್ತೀನಿ."

ಉದೋಮ್ ಅತ್ತಿತ್ತ ನೋಡಿ ಪಿಸುಗುಟ್ಟಿದ. "ಅಡುಗೆ ಕಲಿಸ್ತೀಯಾ ಅಣ್ಣಾ? ನಂಗೂ ನಾಲ್ಕು ಜನರ ಹಂಗೆ ನೆಟ್ಟಗೆ ಮಾಡ್ಬೇಕು ಅಂತ ಆಸೆ. ಈ ಯಮ್ಮ ಕಲಿಯೋಕೇ ಬಿಡಲ್ಲ."

ಸನಾನ್‌ಗೆ ಕರುಳು ಚುರುಕ್ ಎಂದಿತು. ಪಾಪ, ಎಂಥ ಒಳ್ಳೆಯವನು! ಇಂಥ ಕೈಯನ್ನು ಹಾಳುಮಾಡಿಟ್ಟಿದ್ದಾಳಲ್ಲ ಆ ಹೆಂಗಸು!

ಉದೋಮ್ ರಸ್ತೆ ದಾಟಿದ. ಬುವಾ ಹಾದಿಯಲ್ಲಿ ನಿಂತು ಸನಾನ್‌ನ ಏಳು ತಲೆಮಾರನ್ನೂ ಜಾಲಾಡಿದಳು. ಸನಾನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿಷ್ಯನ ಪಕ್ಕದಲ್ಲೇ ನಿಂತು, ಎಣ್ಣೆ ಎಷ್ಟು ಕಾಯಬೇಕು, ಅಂಚು ಯಾವಾಗ ಗರಿಗರಿಯಾಗುತ್ತದೆ, ಹಳದಿ ಒಡೆಯದ ಹಾಗೆ ಬಿಸಿ ಎಣ್ಣೆ ಹೇಗೆ ಚಿಮುಕಿಸಬೇಕು ಎಂದು ಹೇಳಿಕೊಟ್ಟ. ಸೀಯಿಸಿದಾಗಲೆಲ್ಲ ತಿದ್ದಿದ. ತನ್ನ ಅಪ್ಪ ಕಲಿಸಿದ್ದನ್ನೆಲ್ಲ ಒಂದೂ ಬಿಡದೆ ಧಾರೆ ಎರೆದ. ಉದೋಮ್ ಕಲಿತ. ಎಷ್ಟು ಚೆನ್ನಾಗಿ ಕಲಿತನೆಂದರೆ, ಇನ್ನು ಸೀಯಿಸು ಅಂದರೂ ಅವನ ಕೈ ಒಪ್ಪುತ್ತಿರಲಿಲ್ಲ.

ತಿಂಗಳ ಕೊನೆಯ ದಿನ ಜನ ಬಂದರೇ ಬಂದರು! ಬುವಾಳ ಹೋಟೆಲು ಖಾಲಿ. ಸನಾನ್‌ನ ಹೋಟೆಲಿನಲ್ಲಿ ಸ್ಟೂಲು ಸಾಲದೆ ಜನ ಗೋಡೆಗೆ ಒರಗಿ ನಿಂತರು. ಲಮೈ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೇಬಿಟ್ಟಳು. "ಬಾತುಕೋಳಿ ಬೇಡ ಬಿಡ್ರೀ," ಅಂದಳು.

ತಟ್ಟೆಗಳು ಹೊರಟವು. ಘಮ್ಮೆನ್ನುವ ತುಳಸಿ, ಬಿಡಿಬಿಡಿ ಅನ್ನ, ಅದರ ಮೇಲೆ ಹಾಲಿನಷ್ಟು ಬಿಳುಪಾದ, ಒಂದು ಕಲೆಯೂ ಇಲ್ಲದ ಮೊಟ್ಟೆ. ಸನಾನ್ ಸೊಂಟಕ್ಕೆ ಕೈಕೊಟ್ಟು, ಹೊಗಳಿಕೆಗೆ ಕಾದು ನಿಂತ.

ಪ್ರಚಾ ಮೊಟ್ಟೆಯನ್ನು ಮಗುಚಿ ನೋಡಿ, ತಟ್ಟೆ ತಳ್ಳಿ ಎದ್ದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಸಾಲುಸಾಲಾಗಿ ಎಲ್ಲರೂ.

"ಏನಾಯ್ತು? ಉಪ್ಪು ಕಮ್ಮಿನಾ? ಖಾರ ಸಾಲದಾ?" ಸನಾನ್ ಬಾಗಿಲಿಗೆ ಅಡ್ಡ ನಿಂತು ಅಂಗಲಾಚಿದ. "ತಿಂದಾದ್ರೂ ನೋಡಿ ಟೀಚರೇ! ಇಡೀ ಊರಲ್ಲಿ ಇಂಥ ಮೊಟ್ಟೆ ಸಿಕ್ಕಿದ್ರೆ ಕೇಳಿ!"

ಒಳಗೆ ಲಮೈ ಅಣ್ಣನಿಗೆ ಫೋನು ಹಚ್ಚುತ್ತಿದ್ದಳು.

"ಅಯ್ಯೋ ಪುಣ್ಯಾತ್ಮಾ, ನಾಳೆ ಲಾಟರಿ ಡ್ರಾ ಕಣಯ್ಯಾ!" ವಿಮೋನ್ ಟೀಚರ್ ಹಣೆ ಚಚ್ಚಿಕೊಂಡರು. "ಅವನು ಸುಟ್ಟ ಕಲೆಯಲ್ಲಿ ನಾವು ನಂಬರ್ ಓದ್ಕೊಳ್ತಿದ್ವಿ, ಈ ಬೋಳು ಮೊಟ್ಟೆಯಲ್ಲಿ ಏನಂತ ಓದ್ಲಿ?"