ಅತ್ತೆ ಕೂತ ಸಬ್‌ವೂಫರ್

ಐದು ಸ್ಪೀಕರುಗಳೂ ಹಾಡಿದವು. ಮೂಲೆಯಲ್ಲಿದ್ದ ದೊಡ್ಡ ಕಪ್ಪು ಡಬ್ಬಿ ಮಾತ್ರ ತುಟಿಪಿಟಕ್ ಎನ್ನಲಿಲ್ಲ. ಕನ್ನಡಕದ ಅಂಗಡಿಯವನು ಅದಕ್ಕೆ ಕಿವಿ ಕೊಟ್ಟು ನೋಡಿದ, ಎರಡು ಏಟು ಕೊಟ್ಟೂ ನೋಡಿದ. ಅಂಗಡಿಗೆ ರಜೆಯ ದಿನ. ಸಂಜೆಯೊಳಗೆ ನಡುಮನೆಯನ್ನು ಚಿತ್ರಮಂದಿರ ಮಾಡಿಬಿಡುತ್ತೇನೆಂದು ಬೆಳಿಗ್ಗೆ ಹೆಂಡತಿಯ ಮುಂದೆ ಜಂಭ ಕೊಚ್ಚಿದ್ದ. "ನಿಮ್ಮ ಕೈಲಾಗಲ್ಲ, ಗೊತ್ತಿರೋರನ್ನ ಕರೆಸಿ" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋಗಿದ್ದಳು. ಆ ಮಾತು ಇನ್ನೂ ಚುಚ್ಚುತ್ತಿತ್ತು.

"ಕೇಬಲ್ ಬೇಕು ಅತ್ತೆ, ಕೇಬಲ್! ತಗೊಂಡ್ಬರ್ತೀನಿ" ಎಂದು ಕೂಗಿದ.

"ಟೇಬಲ್ಲಾ? ಇದೇ ಸಾಕಲ್ಲ ಅಳಿಯಂದ್ರೇ, ಗಟ್ಟಿಮುಟ್ಟಾಗಿದೆ" ಎಂದ ಅತ್ತೆ, ಒಗೆದ ಬಟ್ಟೆಯ ಬುಟ್ಟಿ ತಂದು, ಆ ಡಬ್ಬಿಯ ಮೇಲೇ ಕೂತು ಮಡಚತೊಡಗಿದರು. ಮೂವತ್ತು ವರ್ಷ ಬಟ್ಟೆ ಗಿರಣಿಯಲ್ಲಿ ಒಬ್ಬರೇ ನಾಲ್ಕು ಮಗ್ಗ ನೋಡಿಕೊಂಡವರು. ಆ ಗದ್ದಲಕ್ಕೆ ಎರಡು ಕಿವಿಯೂ ಹೋಗಿದ್ದವು. ಕೂಗಿದರೆ ಅಷ್ಟಿಷ್ಟು ಕೇಳುತ್ತಿತ್ತು, ಅದೂ ಅವರಿಗೆ ಬೇಕಾದ ಹಾಗೆ.

ಮೊದಲ ಸಲ ಅವನು ತಂದದ್ದು ಕೆಂಪು-ಕಪ್ಪು ಜೋಡಿ ತಂತಿ. "ಸ್ಪೀಕರಿಗೆ" ಎಂದಿದ್ದ, ಬೀದಿ ಕೊನೆಯ ರೇಡಿಯೋ ರಿಪೇರಿ ಅಂಗಡಿಯಾಕೆ ಕೊಟ್ಟಿದ್ದಳು. ಮನೆಗೆ ಬಂದು ನೋಡಿದರೆ ಡಬ್ಬಿಯ ಬೆನ್ನಲ್ಲಿ ಆ ತಂತಿ ಸಿಕ್ಕಿಸುವ ಜಾಗವೇ ಇಲ್ಲ. ಮತ್ತೆ ಓಡಿದ. ಯಾರದೋ ರೇಡಿಯೋ ಬಿಚ್ಚಿಕೊಂಡು ಕೂತಿದ್ದ ಆಕೆ ಎದ್ದು ನಾಲ್ಕು ಬಗೆಯ ಕೇಬಲ್ ಹರಡಿದಳು.

"ತುದಿ ಹೇಗಿರ್ಬೇಕು ಸಾರ್? ಹೀಗಾ, ಹೀಗಾ?"

"ಅದು... ಮೊದಲನೇದು ಇನ್ನೊಂದ್ಸಲ ತೋರಿಸಿ."

"ಇದಾ? ಇಲ್ಲ, ಇದಾ?"

ದಿನಕ್ಕೆ ಮೂವತ್ತು ಜನರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ ಇದೇ ಪ್ರಶ್ನೆ ಕೇಳುವವನು ಅವನು. ಕೇಳಿಸಿಕೊಂಡವರು ಯಾಕೆ ಹಾಗೆ ತಬ್ಬಿಬ್ಬಾಗುತ್ತಾರೆಂದು ಅವತ್ತು ಅರ್ಥವಾಯಿತು. ಗೊತ್ತಿಲ್ಲ ಎನ್ನಲು ನಾಲಿಗೆ ಏಳದೆ, ಎಲ್ಲಕ್ಕಿಂತ ದಪ್ಪಗಿದ್ದ, ತುದಿಗೆ ಚಿನ್ನದ ನೀರು ಕುಡಿಸಿದ್ದ ಕೇಬಲ್ಲಿಗೆ ಕೈ ಹಾಕಿದ.

"ಅದು ಟಿವಿಗೆ ಸಾರ್. ಚಿನ್ನ ಹಾಕಿದ ಮಾತ್ರಕ್ಕೆ ಸದ್ದೇನು ಮದುಮಗಳಾಗುತ್ತಾ?" ಎಂದು ಆಕೆ ಅದನ್ನು ಕಿತ್ತಿಟ್ಟಳು. "ಮನೆಗೆ ಹೋಗಿ ಡಬ್ಬಿಯ ಬೆನ್ನಿನ ಫೋಟೋ ತೆಗೆದು ತನ್ನಿ. ಉದ್ದನೂ ಅಳ್ಕೊಂಡು ಬನ್ನಿ. ಗೋಡೆ ಪಕ್ಕದಲ್ಲೇ ಅಳೀರಿ ಮತ್ತೆ, ನಡುಮನೆಗೆ ಅಡ್ಡ ಎಳೆದ್ರೆ ಮನೆಯವರೆಲ್ಲ ಎಡವಿ ಬೀಳ್ತಾರೆ."

ಮನೆಯಲ್ಲಿ ಅತ್ತೆ ಕೂತಲ್ಲಿಂದ ಕದಲಿರಲಿಲ್ಲ. "ಸ್ವಲ್ಪ ಏಳಿ ಅತ್ತೆ, ಫೋಟೋ ತೆಗೀಬೇಕು!" ಎಂದು ಕೂಗಿದ. ಫೋಟೋ ಎಂಬುದೊಂದು ಚೆನ್ನಾಗಿ ಕೇಳಿಸಿತು. ಅತ್ತೆ ಮಡಚುತ್ತಿದ್ದ ಟವೆಲ್ ಪಕ್ಕಕ್ಕಿಟ್ಟು, ತಲೆಗೂದಲು ಸವರಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮಂದಹಾಸ ಬೀರಿದರು. ವಿಧಿಯಿಲ್ಲದೆ ಅವರದೊಂದು ಫೋಟೋ ತೆಗೆದು, ಆಮೇಲೆ ಹೊಟ್ಟೆಯ ಮೇಲೆ ತೆವಳಿ ಡಬ್ಬಿಯ ಹಿಂದೆ ಮೊಬೈಲ್ ತೂರಿಸಿದ.

"ಇವ್ರು ಯಾರು ಸಾರ್?" ಎಂದಳು ಅಂಗಡಿಯಾಕೆ, ಮೊಬೈಲ್ ಕೈಗೆ ತೆಗೆದುಕೊಂಡು.

"ನಮ್ಮತ್ತೆ. ಅವರು ಕೂತಿರೋದೇ ಸಬ್‌ವೂಫರ್."

ಆಕೆ ನಗು ನುಂಗಿಕೊಂಡು ಮುಂದಿನ ಫೋಟೋ ದೊಡ್ಡದು ಮಾಡಿದಳು. "ನೋಡಿ, ನೇರಳೆ ಬಣ್ಣದ್ದು ಒಂದೇ ತೂತು. ಆ ಕಡೆ ಟಿವಿ ಹತ್ರದ ಆಂಪ್ಲಿಫೈಯರ್ ಪೆಟ್ಟಿಗೇಲೂ ಹೀಗೇ ಒಂದಿರುತ್ತೆ. ಅಲ್ಲಿಂದ ಇಲ್ಲಿಗೆ ಒಂದೇ ಕೇಬಲ್, ಎರಡು ತುದಿಗೂ ಒಂದೊಂದು ಪಿನ್. ಒಳಗೆ ಜಾಲರಿ ಹೊದಿಸಿರ್ತಾರೆ, ಹೊರಗಿನ ಗೊರಗೊರ ನುಗ್ಗಲ್ಲ." ಕೊಟ್ಟದ್ದು ಐದು ಮೀಟರಿನ ಬಡಪಾಯಿ ಕಪ್ಪು ಕೇಬಲ್.

"ಇಷ್ಟೇನಾ?"

"ಇಷ್ಟೇ ಸಾರ್. ಮೊದಲೇ ಗೊತ್ತಿಲ್ಲ ಅಂದಿದ್ರೆ ಮೂರು ಸಲ ಓಡೋದು ತಪ್ತಿತ್ತು."

ಮನೆಗೆ ಬಂದವನು ಯಾರನ್ನೂ ಏಳಿಸುವ ಗೊಡವೆಗೆ ಹೋಗಲಿಲ್ಲ. ಹಿಂದಿನಿಂದಲೇ ಕೈ ತೂರಿಸಿ ಪಿನ್ ಸಿಕ್ಕಿಸಿ ರಿಮೋಟ್ ಒತ್ತಿದ. ಟಿವಿಯಲ್ಲಿ ಯಾವುದೋ ಯುದ್ಧದ ಕುದುರೆಗಳು ಓಡಿದವು, ಡಬ್ಬಿ ಗುಡುಗಿತು, ಅದರ ಮೇಲಿದ್ದ ಅತ್ತೆ ಚೇಳು ಕುಟುಕಿದವರಂತೆ ಚಂಗನೆ ಎದ್ದು ನಿಂತರು. ಮಡಚಿದ್ದ ಬಟ್ಟೆಯೆಲ್ಲ ಚೆಲ್ಲಾಪಿಲ್ಲಿ. ಈ ವಯಸ್ಸಿನಲ್ಲಿ ಏನಾದರೂ ಆಗಿಹೋದರೆ ಹೆಂಡತಿಗೆ ಏನು ಹೇಳುವುದು? ಆರಿಸಲೆಂದು ರಿಮೋಟ್ ಎತ್ತಿದ.

"ಮುಟ್ಬೇಡಿ!"

ಅತ್ತೆ ಮನೆಯೊಳಗೆ ಹಾಕುವ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಹುಬ್ಬು ಗಂಟಿಕ್ಕಿತು. "ಎಲ್ಲೋ ಏನೋ ಸಡಿಲ ಇದೆ ಅಳಿಯಂದ್ರೇ. ಹೊಡೆತ ನಿಂತ ಮೇಲೂ ಗುಂಯ್ ಅಂತ ನಡುಗ್ತಿದೆ, ಕಾಲಿಗೆ ಗೊತ್ತಾಗುತ್ತೆ. ಗಿರಣೀಲೂ ನಾನು ಹೀಗೇ ಪತ್ತೆ ಹಚ್ತಿದ್ದೆ."

ನೆಟ್ಟಗಿದ್ದ ಅವನ ಕಿವಿಗೆ ಅಂಥದ್ದೇನೂ ಕೇಳಿಸಿರಲಿಲ್ಲ. ಆದರೂ ತೆವಳಿ ಹೋಗಿ ನೋಡಿದ. ಪಿನ್ನು ಅರ್ಧ ಹೊರಗೇ ಇತ್ತು. ಒತ್ತಿ ಕೂರಿಸಿದ.

"ಹಾಂ. ಈಗ ಸರಿಹೋಯ್ತು."

ಟಿವಿಯಲ್ಲಿ ಕುದುರೆಗಳು ಓಡುತ್ತಲೇ ಇದ್ದವು. ಅತ್ತೆಯ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು. ಎರಡು ಕೈಯೂ ಗಾಳಿಯಲ್ಲಿ ಕಾಣದ ನೂಲು ಸರಿಪಡಿಸುತ್ತಿದ್ದವು. ಅವನು ಹತ್ತಿರ ಹೋಗಿ ಕಿವಿಗೆ ಬಾಯಿಟ್ಟು, "ಏನತ್ತೆ, ಏನು ಯೋಚನೆ?" ಎಂದು ಕೂಗಿದ.

"ನನ್ನ ಕಿವಿ ತಿಂದದ್ದು ಇದೇ ಸದ್ದು ಅಳಿಯಂದ್ರೇ" ಎಂದು ಅತ್ತೆ ಬಾಯ್ತುಂಬ ನಕ್ಕರು. "ಇನ್ನೂ ಸ್ವಲ್ಪ ಜೋರು ಮಾಡಿ."