ಎರಡು ತಲೆ, ಒಂದು ತಟ್ಟೆ

ಮಗಳ ಕ್ರಯಾನ್ ಡಬ್ಬಿಯ ಮೇಣದ ವಾಸನೆ ಈಗಲೂ ನನ್ನನ್ನು ದೇವಲಾಪುರದ ನಮ್ಮ ಜಗಲಿಗೆ ಎಳೆದೊಯ್ಯುತ್ತದೆ.

ಅಂದು ಮಧ್ಯಾಹ್ನ ಶಾಲೆಗಾಗಿ ರಾಜ್ಯ ಲಾಂಛನ ಬರೆಯುತ್ತಿದ್ದೆ. ಗಂಡಭೇರುಂಡದ ಸುತ್ತ ಕೆಂಪು ತಿಕ್ಕುವಾಗ ತಾತನೂ ಅವರ ತಮ್ಮ ಚಿಕ್ಕತಾತನೂ ಬಗ್ಗಿ ನೋಡಿದರು. ಹುಲ್ಲಿನ ಮೆದೆ ಎಲ್ಲಿ ಹಾಕಬೇಕೆಂಬ ಜಗಳಕ್ಕೆ ಇಬ್ಬರೂ ಮಾತು ಬಿಟ್ಟು ವರ್ಷವಾಗಿತ್ತು.

"ಎರಡು ತಲೆ ಇರದು ಎರಡು ದಿಕ್ಕೂ ಕಾಯಕ್ಕೆ ಕಣವ್ವ," ಎಂದರು ತಾತ.

"ಒಂದರ ಮಾತ ಇನ್ನೊಂದು ಕೇಳಕಿಲ್ಲ, ಅದಕ್ಕೆ ಅಂತ ಅವ್ರಿಗೆ ಯೋಳವ್ವ," ಎಂದರು ಚಿಕ್ಕತಾತ.

ಊಟಕ್ಕೆ ಕರೆಯಲು ಬಂದ ಅಜ್ಜಿ ಚಿತ್ರ ನೋಡಿದಳು. "ತಲೆ ಎರಡಾದ್ರೂ ಒಟ್ಟೆ ಒಂದೇಯ," ಎಂದವಳೇ ಇಬ್ಬರಿಗೂ ಒಂದೇ ತಟ್ಟೆಯಲ್ಲಿ ಮುದ್ದೆ ಇಟ್ಟಳು.

ಹಸಿವು ಕೇಳಬೇಕಲ್ಲ. ಹೆಗಲಿಗೆ ಹೆಗಲು ತಾಗಿಸಿ ಕೂತು, ಒಬ್ಬರು ಮೂಡಲಿಗೆ, ಒಬ್ಬರು ಪಡುವಲಿಗೆ ಮುಖ ತಿರುಗಿಸಿಕೊಂಡೇ ಉಂಡರು.

ನಾನು ಪೆನ್ಸಿಲ್ ತೆಗೆದು, ಅವರನ್ನೇ ನೋಡಿಕೊಂಡು ಕೊಕ್ಕುಗಳನ್ನು ತಿದ್ದಿದೆ.